ದನಿ ಮತ್ತು ಧಣಿ

"ಹತ್ತಿರದಲ್ಲಿ ಯಾರೂ ಇಲ್ಲದಿರುವಾಗ ನಿಮಗೆ ದನಿ ಕೇಳಿಸುತ್ತದೆಯೇ?"

ಈ ವಾಕ್ಯವನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಮಾನಸಿಕ ಆರೋಗ್ಯ ಶುಶ್ರೂಷೆಯಲ್ಲಿ ಎಂ.ಎಸ್ಸಿ. ಓದುವಾಗ ನಮ್ಮ ಕೈಗೆ ಕೊಟ್ಟ ಪ್ರಶ್ನಾವಳಿಯ ನಡುವೆ ಎಲ್ಲೋ ಅದು ಇತ್ತು. ನೋಡಲು ಸಾಧು ವಾಕ್ಯ. ವ್ಯಾಕರಣದ ತಪ್ಪಿಲ್ಲ, ಕಾಗುಣಿತದ ತಪ್ಪಿಲ್ಲ. ಆ ಸಾಧು ವಾಕ್ಯ ಒಬ್ಬ ಹೆಣ್ಣುಮಗಳ ಎರಡೂ ಕೈಗಳನ್ನು ಹೆಚ್ಚುಕಡಿಮೆ ತಿಂದು ಹಾಕಿತ್ತು. ಸಿಟ್ಟು ಇಳಿದ ಮೇಲೆ ಬರೆದರಾಯಿತು ಎಂದು ಬಹಳ ಕಾದೆ. ಇಳಿಯಲಿಲ್ಲ. ಹಾಗಾಗಿ ಇದ್ದ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಎರಡನೆಯ ವರ್ಷ ನಮ್ಮನ್ನು ಜಮಖಂಡಿಯ ಒಂದು ಖಾಸಗಿ ಮಾನಸಿಕ ರೋಗಗಳ ದವಾಖಾನೆಗೆ ಹಾಕಿದ್ದರು. ಹೆಸರು ಬೇಡ. ನಾನು ರಬಕವಿಯಿಂದ ಬಸ್ಸಿಗೆ ಓಡಾಡುತ್ತಿದ್ದೆ. ಕಬ್ಬಿನ ಹಂಗಾಮು ಶುರುವಾಗಿತ್ತು. ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುವಾಗ ನಾನು ಹಿಂದಿನ ಸೀಟಿನಲ್ಲಿ ಕೂತು ಪಾಠ ಓದುತ್ತಿದ್ದೆ. ನಮ್ಮಲ್ಲಿ ಪ್ರತಿ ವಿದ್ಯಾರ್ಥಿಗೂ ಒಬ್ಬ ರೋಗಿಯನ್ನು ಕೊಡುತ್ತಾರೆ. ಅವರ ಪೂರ್ವ ಚರಿತ್ರೆ ತೆಗೆಯಬೇಕು, ಮನಸ್ಸಿನ ಸ್ಥಿತಿ ಪರೀಕ್ಷಿಸಬೇಕು, ಆರೈಕೆಯ ಯೋಜನೆ ಬರೆಯಬೇಕು, ಮನೆಗೆ ಹೋಗಿ ನೋಡಬೇಕು, ಕೊನೆಗೆ ಎಲ್ಲರ ಮುಂದೆ ಮಂಡಿಸಬೇಕು. ಇದಕ್ಕೆ ನಾವು 'ಕೇಸು' ಅನ್ನುತ್ತೇವೆ. ಮನುಷ್ಯರಿಗೆ ಕೇಸು ಅನ್ನುವ ಇನ್ನೊಂದು ಜಾಗ ಪೊಲೀಸ್ ಸ್ಟೇಷನ್ನು.

ನನಗೆ ಸಿಕ್ಕವರು ಬನಹಟ್ಟಿಯ ಒಬ್ಬ ಅಜ್ಜಿ. ನಾನು ಅವರನ್ನು ಆಯಿ ಎಂದು ಕರೆಯುತ್ತಿದ್ದೆ. ಹರೆಯದಿಂದಲೂ ಪವರ್‌ಲೂಮ್ ಶೆಡ್ಡಿನಲ್ಲಿ ದುಡಿದವರು. ಮೊದಲು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದರಂತೆ, ಗಂಡ ತೀರಿಕೊಂಡ ಮೇಲೆ ತಾವೇ ಮಗ್ಗಕ್ಕೆ ನಿಂತರಂತೆ. ನಾನು ಬರುವ ಮುಂಚೆಯೇ ಅವರಿಗೆ ಚಿತ್ತವಿಕಲತೆ, ಅಂದರೆ ಸ್ಕಿಜೋಫ್ರೇನಿಯಾ, ಎಂದು ತೀರ್ಮಾನವಾಗಿ, ಗುಳಿಗೆ ಶುರುವಾಗಿತ್ತು. ನನ್ನ ಗೈಡ್ ಮೇಡಂ ಸ್ವತಃ ಆ ಪ್ರಶ್ನಾವಳಿ ಹಿಡಿದು, ಕಿರಿಯ ವಿದ್ಯಾರ್ಥಿಗಳನ್ನು ಸುತ್ತ ನಿಲ್ಲಿಸಿಕೊಂಡು, ಪ್ರಶ್ನೆ ಹೇಗೆ ಕೇಳಬೇಕೆಂದು ಇದೇ ಆಯಿಯ ಮೇಲೆ ತೋರಿಸಿಕೊಟ್ಟಿದ್ದರು. ಆಗ ನಾನು ಬೀಳಗಿ ಕಡೆಯ ಹಳ್ಳಿಗಳಲ್ಲಿ ಸಮುದಾಯ ಪೋಸ್ಟಿಂಗಿನಲ್ಲಿದ್ದೆ.

"ಪಠ್ಯಪುಸ್ತಕದಿಂದ ಎದ್ದು ಬಂದು ಮಂಚದ ಮೇಲೆ ಕೂತಂಥ ಕೇಸು. ನಿನ್ನ ಅದೃಷ್ಟ" ಎಂದು ಮೇಡಂ ಫೈಲು ನನ್ನ ಕೈಗಿಟ್ಟರು.

ಖರೆ, ಓದಿದರೆ ಹಾಗೇ ಇತ್ತು. ಒಂದೇ ಗಂಡು ದನಿ. ಬೈಯುತ್ತದೆ. ಆಜ್ಞೆ ಮಾಡುತ್ತದೆ, ನಿಲ್ಲಬೇಡ, ಕೂರಬೇಡ ಎನ್ನುತ್ತದೆ. ಅದು ಸತ್ತ ಮನುಷ್ಯನ ದನಿ ಎಂದು ರೋಗಿ ಹೇಳುತ್ತಾಳೆ. ಪ್ರಶ್ನೆ ಕೇಳಿದಾಗ ಉದ್ರೇಕಗೊಂಡು ಕಿರುಚಿದಳು. ಹಿಂದಿನಿಂದ ಕರೆದರೆ ಪ್ರತಿಕ್ರಿಯೆ ಇಲ್ಲ, ತನ್ನದೇ ಲೋಕದಲ್ಲಿ ಇರುತ್ತಾಳೆ. ಸೊಸೆ ತನ್ನನ್ನು ಆಡಿಕೊಂಡು ನಗುತ್ತಾಳೆ ಎಂಬ ಸಂಶಯ. ಇಷ್ಟಿದ್ದರೆ ಯಾವ ಡಾಕ್ಟರಾದರೂ ಗುಳಿಗೆ ಬರೆಯುತ್ತಾರೆ. ಇವರೂ ಬರೆದಿದ್ದರು. ವಾರಕ್ಕೊಮ್ಮೆ ವಿಜಯಪುರದಿಂದ ಬರುವ ಮನೋವೈದ್ಯರು. ಬಾಗಿಲ ಹೊರಗೆ ರಸ್ತೆಯವರೆಗೆ ಮಂದಿ.

ಮೊದಲ ದಿನ ನಾನು ನೋಡಿದ್ದು ಅವರ ಕೈಗಳನ್ನು. ಕಪ್ಪು ಹಿಡಿದರೆ ಚಹಾ ಸಾಸರಿಗೆ ಚೆಲ್ಲುತ್ತಿತ್ತು. ಮೊಣಕೈ ಹಿಡಿದು ಮಡಚಿ ಬಿಚ್ಚಿದರೆ ಸಲೀಸಾಗಿ ಬರದೆ ಹಲ್ಲುಗಾಲಿಯ ಹಾಗೆ ತಡೆತಡೆದು ಬರುತ್ತಿತ್ತು. ಮುಖದ ಮೇಲೆ ಭಾವನೆ ಮೂಡುವುದು ಕಡಿಮೆಯಾಗಿತ್ತು, ಬಾಯಿಯ ಅಂಚಿನಲ್ಲಿ ಜೊಲ್ಲು. ಇದೆಲ್ಲ ಗುಳಿಗೆಯ ಅಡ್ಡಪರಿಣಾಮ. ಬರೆದುಕೊಂಡೆ, ವರದಿ ಮಾಡಿದೆ, ನಡುಕಕ್ಕೆ ಇನ್ನೊಂದು ಗುಳಿಗೆ ಸೇರಿತು. ಮೂಲ ಗುಳಿಗೆ ಮಾತ್ರ ಕಡಿಮೆಯಾಗಲಿಲ್ಲ, ಏಕೆಂದರೆ ದನಿ ಹೋಗಿರಲಿಲ್ಲ. ಕೇಳಿದಾಗಲೆಲ್ಲ ಆಯಿ ಅದೇ ಉತ್ತರ ಕೊಡುತ್ತಿದ್ದರು.

ಅವರು ಮಾತಾಡುವುದೆಂದರೆ ಒದರುವುದೇ. ವಾರ್ಡಿನ ನನ್ನ ಜೊತೆಯವರು ಬೆಚ್ಚಿಬೀಳುತ್ತಿದ್ದರು. ನನಗೆ ಏನೂ ಅನ್ನಿಸಲಿಲ್ಲ. ನಾನು ಹುಟ್ಟಿದ್ದು ನೇಕಾರರ ಓಣಿಯಲ್ಲಿ. ಅಲ್ಲಿ ಮೆಲ್ಲಗೆ ಮಾತಾಡುವವರನ್ನು ಕಂಡರೆ ಏನೋ ಕದ್ದಿರಬೇಕು ಅಂದುಕೊಳ್ಳುತ್ತಾರೆ. ನಮ್ಮಪ್ಪ ಶೆಡ್ಡಿನ ಆ ತುದಿಯಿಂದ, ನಮ್ಮವ್ವ ಈ ತುದಿಯಿಂದ, ಮಗ್ಗಗಳ ಸಪ್ಪಳದ ನಡುವೆ ಬರೀ ತುಟಿ ಅಲ್ಲಾಡಿಸಿ ಮನೆಯ ಎಲ್ಲ ವ್ಯವಹಾರ ಮುಗಿಸುತ್ತಿದ್ದರು. ಜಗಳವನ್ನೂ ಸೇರಿಸಿ. ಆಯಿ ನನ್ನ ಕಣ್ಣು ನೋಡದೆ ಬಾಯಿ ನೋಡುತ್ತಿದ್ದರು. ನಮ್ಮ ಮನೆಯಲ್ಲಿ ಎಲ್ಲರೂ ಹಾಗೇ ನೋಡುವುದರಿಂದ ಅದೂ ನನಗೆ ವಿಶೇಷ ಅನ್ನಿಸಲಿಲ್ಲ.

ವಿಷಯ ಹೊರಬಿದ್ದದ್ದು ಒಂದು ಮುಂಜಾನೆ, ಅವರಿಗೆ ಚಹಾ ಕುಡಿಸುವಾಗ. ಕಪ್ಪನ್ನು ನಾನೇ ಬಾಯಿಗೆ ಹಿಡಿದಿದ್ದೆ. ಅವರು ತಮ್ಮ ಬೆರಳುಗಳನ್ನೇ ದಿಟ್ಟಿಸುತ್ತಿದ್ದರು.

"ನೋಡವಾ, ಇದ ಕೈಲೆ ಕಡದ ಎಳಿ ಕಣ್ಮುಚ್ಚಿ ಗಂಟ ಹಾಕ್ತಿದ್ನಿ. ಈಗ ಕುಬಸದ ಗುಂಡಿ ಹಾಕಾಕ ಬರವಲ್ದು. ಕೈ ಹ್ವಾದ ಮ್ಯಾಲ ನಾ ಯಾರಿಗೆ ಬೇಕು?"

ನಾನು ಏನೋ ಸಮಾಧಾನ ಹೇಳಿದೆ. ಅವರು ನನ್ನ ಕಡೆ ತಿರುಗಿ, "ಇವತ್ತೂ ಧಣೀದ ಕೇಳಾಕ ಬಂದೀಯೇನು?" ಅಂದರು.

"ಯಾವ ಧಣಿರಿ ಆಯಿ?"

"ನಮ್ಮ ಧಣಿ. ಮಗ್ಗದ ಧಣಿ. ಆ ಮೇಡಂ ಬಾಯಾರು ಅಷ್ಟು ಹುಡುಗೂರನ್ನ ಕಟ್ಟಿಕೊಂಡು ಬಂದು ಕೇಳಿದ್ರಲ್ಲ, ಯಾರೂ ಇಲ್ಲದಾಗ ಧಣಿ ಏನ್ ಕೇಳ್ತಾನು ಅಂತ. ನನ್ನ ವಯಸ್ಸೇನು, ಕೇಳೂ ಮಾತೇನು? ಸಿಟ್ಟ ನೆತ್ತಿಗೇರಿತು ನನಗ. ಕೇಳೂದಿಲ್ರೀ, ಬೈತಾನ ಅಂದ್ನಿ. ನಿಂದರಬ್ಯಾಡ, ಕುಂದರಬ್ಯಾಡ, ಮಗ್ಗ ನಡಸು ಅಂತಾನ ಅಂದ್ನಿ. ಎಲ್ಲಿ ಅದಾನ ಅಂದ್ರು. ಸತ್ತಾನ ಅಂದ್ನಿ. ಮತ್ತ ಮತ್ತ ಅದನ್ನ ಕೇಳ್ತೀರಿ. ಸತ್ತಾಂವನ ಸುದ್ದಿ ಏನ್ ಮಾಡ್ತೀರಿ ನೀವೆಲ್ಲಾ?"

ನಾನು ಕಪ್ಪು ಕೆಳಗಿಟ್ಟೆ.

ಈಗಿನವರು ಮಗ್ಗದ ಒಡೆಯನಿಗೆ ಮಾಲಕ ಅನ್ನುತ್ತಾರೆ. ಹಳಬರಿಗೆ ಮಾತ್ರ ಅವನು ಇನ್ನೂ ಧಣಿ. ನಮ್ಮಜ್ಜಿ ಸಾಯುವವರೆಗೂ ಧಣಿ ಎಂದೇ ಹೇಳುತ್ತಿದ್ದಳು. ಕನ್ನಡಿಯ ಮುಂದೆ ನಿಂತು ಸಪ್ಪಳ ಮಾಡದೆ ಎರಡೂ ಶಬ್ದ ಹೇಳಿ ನೋಡಿ. ದನಿ. ಧಣಿ. ತುಟಿಗಳಿಗೆ ಎರಡೂ ಒಂದೇ. ಆಯಿಗೆ ಕಿವಿ ಕೇಳುತ್ತಿರಲಿಲ್ಲ, ಅವರು ತುಟಿ ಓದುತ್ತಿದ್ದರು. ಮೇಡಂ ಕೇಳಿದ್ದು ದನಿಯ ವಿಷಯ, ಆಯಿ ಉತ್ತರ ಕೊಟ್ಟಿದ್ದು ಧಣಿಯ ವಿಷಯ. 'ಕೇಳಿಸುವುದು' ಅವರ ಪಾಲಿಗೆ 'ಕೇಳುವುದು' ಆಗಿತ್ತು. ಒಬ್ಬ ಮರ್ಯಾದಸ್ಥ ವಿಧವೆಯನ್ನು ಹತ್ತಾರು ಹುಡುಗ ಹುಡುಗಿಯರ ಮುಂದೆ, ಯಾರೂ ಇಲ್ಲದಾಗ ಮಾಲಕ ನಿನ್ನನ್ನು ಏನು ಕೇಳುತ್ತಿದ್ದ ಎಂದು ಕೇಳಿದರೆ ಅವಳು ಕಿರುಚದೆ ಮಂಗಳಾರತಿ ಎತ್ತುತ್ತಾಳೆಯೇ? ಆ ಕಿರುಚಾಟಕ್ಕೆ ನಾವು ಉದ್ರೇಕ ಎಂದು ಹೆಸರಿಟ್ಟೆವು.

ಅಂದೇ ಮಧ್ಯಾಹ್ನ ಮೇಡಂ ಹತ್ತಿರ ಹೋದೆ. ಉಸಿರು ಬಿಡದೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅದು ಪರೀಕ್ಷೆಗೆ ಒಳಪಟ್ಟು ಒಪ್ಪಿತವಾದ ಪ್ರಶ್ನಾವಳಿ. ಪ್ರತಿ ವಾಕ್ಯವನ್ನೂ ಇದ್ದ ಹಾಗೆಯೇ ಓದಬೇಕು. ಒಬ್ಬೊಬ್ಬರು ಒಂದೊಂದು ರೀತಿ ಕೇಳಿದರೆ ಫಲಿತಾಂಶಕ್ಕೆ ಏನು ಬೆಲೆ?"

ಈ ಮಾತಿನಲ್ಲಿ ತಪ್ಪಿಲ್ಲ ಎಂಬುದು ನನಗೂ ಗೊತ್ತು. ಅಳತೆಕೋಲು ದಿನಕ್ಕೊಂದು ಉದ್ದವಾದರೆ ಬಟ್ಟೆ ಅಳೆಯಲಾಗದು. ಆದರೆ ಕಿವಿ ಕೇಳದವರ ಮುಂದೆ ಯಾವ ವಾಕ್ಯ ಓದಿದರೇನು? ಅದನ್ನೇ ಹೇಳಿದೆ. ಮೊದಲು ಕಿವಿ ಪರೀಕ್ಷೆ ಮಾಡಿಸೋಣ ಅಂದೆ.

"ನೀನು ನೇಕಾರರ ಮನೆಯವಳು. ನಿನಗೆ ಎಲ್ಲದರಲ್ಲೂ ಮಗ್ಗವೇ ಕಾಣಿಸುತ್ತದೆ."

"ಮೇಡಂ, ಅವ್ರ ಕೈ ಹೋಗಾಕತ್ತಾವ್ರಿ. ದಯಮಾಡಿ ಒಂದ ಸಲ ಬಂದ ನೋಡ್ರಿ."

ಆಗ ಅವರಿಗೆ ಸಿಟ್ಟು ಬಂತು. ಆ ಪ್ರಶ್ನಾವಳಿಯನ್ನು ಇಂಗ್ಲಿಷಿನಿಂದ ಅನುವಾದಿಸಿದವರು ಅವರೇ. ಅವರ ಸಂಶೋಧನೆ ನಿಂತಿರುವುದೇ ಆ ಪ್ರಶ್ನಾವಳಿಯ ಮೇಲೆ. ಮೇಡಂ ನಮ್ಮದೇ ಮುಧೋಳದವರು, ಆದರೆ ಎರಡು ವರ್ಷಗಳಲ್ಲಿ ಒಂದು ಸಲವೂ 'ಐತಿ' ಎಂದದ್ದನ್ನು ನಾವು ಕೇಳಿರಲಿಲ್ಲ. ವಿದ್ಯಾರ್ಥಿಗಳು 'ಐತಿ' ಅಂದರೆ ತಿದ್ದುತ್ತಿದ್ದರು. ಅವತ್ತು ಅವರು ಎದ್ದು ನಿಂತು, "ನೀ ಯಾವಾಕಿ ನನಗ ಹೇಳಾಕಿ? ಡಾಕ್ಟರ್ ಬರದಾರ, ನಾ ಸೈನ್ ಮಾಡೇನಿ, ನಿನಗೇನ್ ಗೊತ್ತೈತಿ?" ಅಂದರು. ಮುಧೋಳ ಕೊನೆಗೂ ಬಾಯಿ ಬಿಟ್ಟಿತ್ತು. ಇದೇ ಬಾಯಲ್ಲಿ ಆಯಿಯನ್ನು ಮಾತಾಡಿಸಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ ಎಂದು ನನಗೆ ಕೂಗಿ ಹೇಳಬೇಕೆನ್ನಿಸಿತು. ಹೇಳಲಿಲ್ಲ. ಹಲ್ಲು ಕಚ್ಚಿ ಹೊರಗೆ ಬಂದೆ, ಬಸ್ ಸ್ಟ್ಯಾಂಡಿನವರೆಗೂ ನನ್ನಷ್ಟಕ್ಕೆ ಬೈದುಕೊಂಡು ಹೋದೆ. ದಾರಿಯಲ್ಲಿ ಯಾರಾದರೂ ನೋಡಿದ್ದರೆ ನನ್ನನ್ನೂ ಒಳಗೆ ಸೇರಿಸುತ್ತಿದ್ದರೇನೋ.

ಮನೆ ಭೇಟಿ ಹೇಗೂ ನನ್ನ ಪಠ್ಯದ ಭಾಗ. ಬನಹಟ್ಟಿಗೆ ಹೋದೆ. ಆಯಿಯ ಮಗ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದ್ದ. ಊರ ಹೊರಗೆ, ಸುತ್ತ ಖಾಲಿ ಪ್ಲಾಟುಗಳು. ಹಳೆಯ ಮನೆಯಲ್ಲಿ ಗೋಡೆಯ ಆಚೆಗೇ ಮಗ್ಗಗಳಿದ್ದವಂತೆ. ಇಲ್ಲಿ ನಿಂತರೆ ನನ್ನ ಚಪ್ಪಲಿಯ ಸಪ್ಪಳ ನನಗೇ ಕೇಳುತ್ತಿತ್ತು. ಮಗನೂ ಮಗ್ಗ ನಡೆಸುವವನೇ. ಅವನೂ ಒದರಿಯೇ ಮಾತಾಡುತ್ತಿದ್ದ. ಸೊಸೆ ಚಹಾ ತಂದಿಟ್ಟು ಬಾಗಿಲಲ್ಲಿ ನಿಂತಳು.

"ಅವ್ವಗ ಛಲೋ ಆಗ್ಲಿ ಅಂತ ಮನಿ ಕಟ್ಟಿಸಿದ್ನಿರಿ. ಇಲ್ಲಿಗೆ ಬಂದ ಮ್ಯಾಲನ ಸುರು ಆತು. 'ಮಗ್ಗ ಬಂದ ಮಾಡ್ರೋ' ಅಂತ ಒದರತಾಳ. ಎದ್ದ ಹೋಗಿ ಮೇನ್ ಸ್ವಿಚ್ ತಗದ ಬಿಡತಾಳ. ನಾವೇನರೆ ಮಾತಾಡಿ ನಕ್ರ ತನಗ ನಕ್ರು ಅಂತಾಳ. ನೀವ ಹೇಳ್ರಿ ಬಾಯಾರ, ಮಗ್ಗ ಇಲ್ಲದ ಮನ್ಯಾಗ ಮಗ್ಗದ ಸಪ್ಪಳ ಕೇಳಿದ್ರ ಅದಕ್ಕ ಏನಂತಾರ?"

ಅದಕ್ಕೆ ಏನನ್ನುತ್ತಾರೆಂದು ನನಗೆ ಗೊತ್ತಿತ್ತು. ವರ್ಷಗಟ್ಟಲೆ ಮಗ್ಗದ ಬಡಿತ ತಿಂದ ಕಿವಿ ಕೆಡುತ್ತದೆ. ಕೆಟ್ಟ ಕಿವಿ ಸುಮ್ಮನಿರುವುದಿಲ್ಲ, ಒಳಗೊಳಗೇ ಮೊರೆಯುತ್ತದೆ. ಹಳೆಯ ಮನೆಯಲ್ಲಿ ಹೊರಗಿನ ಸಪ್ಪಳದ ಕೆಳಗೆ ಒಳಗಿನ ಸಪ್ಪಳ ಮುಚ್ಚಿಹೋಗಿತ್ತು. ಈ ನಿಶ್ಶಬ್ದದ ಮನೆಗೆ ತಂದಿಟ್ಟ ಕೂಡಲೇ ಅದು ಎದ್ದು ಕೂತಿತು. ಅವನಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಕೊನೆಗೆ, "ನಿಮಗ ಕೇಳೂದಿಲ್ಲೇನ್ರಿ ಅಣ್ಣಾರ?" ಅಂದೆ.

ಅವನು ಹೆಂಡತಿಯ ಮುಖ ನೋಡಿದ. ಅವಳು ಒಳಗೆ ಹೋದ ಮೇಲೆ ಹೇಳಿದ.

"ನನಗೂ ಕೇಳತೈತ್ರಿ. ಯಾರಿಗೆ ಹೇಳೂದು? ಹೇಳಿದ್ರ ನನ್ನೂ ಅಲ್ಲೇ ತಂದ ಹಾಕ್ತೀರಿ."

ನಾನು ದವಾಖಾನೆಗೆ ಮರಳಿ ಇದನ್ನೆಲ್ಲ ಮನೆ ಭೇಟಿಯ ವರದಿಯಲ್ಲಿ ಬರೆದೆ. ಮೇಡಂ ಅದನ್ನು ಓದದೆ ಬದಿಗಿಟ್ಟರು. ಮುಂದಿನ ವಾರ ಡಾಕ್ಟರು ಬಂದಾಗ ಅವರ ಮುಂದಿದ್ದದ್ದು ಹಳೆಯ ಫೈಲೇ. ಗುಳಿಗೆಯಿಂದ ದನಿ ಹೋಗಿಲ್ಲ, ಮನೆಗೆ ಹೋದ ಮೇಲೆ ಬಹುಶಃ ಗುಳಿಗೆ ಸರಿಯಾಗಿ ನುಂಗಲಿಕ್ಕಿಲ್ಲ, ಆದ್ದರಿಂದ ದೀರ್ಘ ಕಾಲ ಕೆಲಸ ಮಾಡುವ ಇಂಜೆಕ್ಷನ್ ಹಾಕಿ ಮನೆಗೆ ಕಳಿಸುವುದೆಂದು ಬರೆದರು. ಹಾಕಬೇಕಾದವಳು ನಾನು. ನನ್ನ ರೋಗಿ, ನನ್ನ ಕೈಯ ಕೆಲಸ. ಮೇಡಂ ಪಕ್ಕದಲ್ಲಿ ನಿಂತು ನೋಡಿ ಸಹಿ ಮಾಡಬೇಕು.

ಆ ಔಷಧದ ಮೇಲೆ ನನಗೆ ಸಿಟ್ಟಿಲ್ಲ. ನಿಜವಾಗಿ ಇಲ್ಲದ ಮಾತು ಕೇಳುವವರ ಬದುಕನ್ನು ಅದು ಹಳಿಗೆ ತಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಅದು ಎಣ್ಣೆಯಂಥ ಔಷಧ. ಸ್ನಾಯುವಿನೊಳಗೆ ಒಮ್ಮೆ ಇಳಿಸಿದರೆ ವಾರಗಟ್ಟಲೆ ಅಲ್ಲೇ ಕೂತು ಸ್ವಲ್ಪಸ್ವಲ್ಪವಾಗಿ ರಕ್ತಕ್ಕೆ ಸೇರುತ್ತದೆ. ಗುಳಿಗೆಯಾದರೆ ನಾಳೆಯಿಂದ ನಿಲ್ಲಿಸಬಹುದು. ಇದನ್ನು ವಾಪಸ್ ಎಳೆಯಲು ಬರುವುದಿಲ್ಲ. ಈಗಾಗಲೇ ಬಿಗಿದ ಆ ಕೈಗಳು ಇನ್ನೂ ಎಷ್ಟು ಕಾಲ ಬಿಗಿದಿರುತ್ತಿದ್ದವೋ, ಮತ್ತೆ ಬಿಚ್ಚುತ್ತಿದ್ದವೋ ಇಲ್ಲವೋ, ಯಾರು ಹೇಳಬೇಕು?

ಟ್ರೇ ಸಿದ್ಧ ಮಾಡಿದೆ. ದಪ್ಪ ಸೂಜಿ, ಸಿರಿಂಜು, ಸ್ಪಿರಿಟ್ಟಿನ ಹತ್ತಿ. ಔಷಧ ಕೊಡುವ ಮುಂಚೆ ನಾವು ಮನಸ್ಸಿನಲ್ಲಿ ಎಣಿಸುವುದೊಂದು ಇದೆ: ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ವೇಳೆ. ಎಣಿಸಿದೆ. ಎಲ್ಲ ಸರಿಯಾಗಿತ್ತು. ರೋಗ ಸರಿಯಾದದ್ದೇ ಎಂದು ಕೇಳುವ ಸಾಲು ಅದರಲ್ಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆಯನ್ನು ನಾವು ಶಾಲೆಯಲ್ಲಿ ನಗುತ್ತ ಬಾಯಿಪಾಠ ಮಾಡಿದ್ದೆವು. ಇಲ್ಲಿ ಕಿವಿಗೆ ಬಂದ ರೋಗಕ್ಕೆ ಮಿದುಳಿಗೆ ಬರೆ. ಕಬ್ಬಿಣ ಹಿಡಿದುಕೊಂಡು ನಿಂತವಳು ನಾನು.

ಔಷಧದ ಬಾಟಲಿಯನ್ನು ಟ್ರೇಯಲ್ಲೇ ಬಿಟ್ಟೆ. "ಮೇಡಂ, ನಾ ಹಾಕೂದಿಲ್ರಿ" ಅಂದೆ.

"ಏನಂದೆ?"

"ಹಾಕೂದಿಲ್ರಿ. ಡಾಕ್ಟರ್ ಹತ್ರ ಹೋಗ್ತೇನಿ."

ಅವರು ನನ್ನ ತೋಳು ಹಿಡಿದರು, ಬಿಡಿಸಿಕೊಂಡೆ. ಆಯಿಯ ಕೈ ಹಿಡಿದು, ಮನೆಗೆ ಕರೆದೊಯ್ಯಲು ಬಂದಿದ್ದ ಮಗನನ್ನೂ ಕರೆದುಕೊಂಡು ಡಾಕ್ಟರ ಕೋಣೆಗೆ ನುಗ್ಗಿದೆ. ನುಗ್ಗಿದೆ ಎಂಬ ಮಾತೇ ಸರಿ, ಸಾಲಿನಲ್ಲಿದ್ದವರು ನನ್ನನ್ನು ಬೈದರು. ಹಿಂದೆಯೇ ಮೇಡಂ ಬಂದರು. ಡಾಕ್ಟರು ಪೆನ್ನು ಎತ್ತಿ ಹಿಡಿದುಕೊಂಡೇ ಕೇಳಿದರು.

"ಇಲ್ಲಿ ಡಾಕ್ಟರ್ ಯಾರು? ನಾನೋ ನೀವೋ?"

"ನೀವರಿ ಸರ್. ಅದಕ್ಕ ನಿಮ್ಮ ಕಡೆನ ಬಂದೇನಿ. ನೀವು ಒಂದ ಸಲ ನೋಡ್ರಿ. ನೋಡಿ ಹಾಕು ಅಂದ್ರ ಹಾಕ್ತೇನಿ."

ಆ ಕೊನೆಯ ಮಾತು ಸುಳ್ಳು. ಅವರು ಹಾಕು ಅಂದಿದ್ದರೂ ನಾನು ಹಾಕುತ್ತಿರಲಿಲ್ಲ. ಜೇಬಿನಿಂದ ಮಾಸ್ಕ್ ತೆಗೆದು ಕಟ್ಟಿಕೊಂಡು ಆಯಿಯ ಮುಂದೆ ನಿಂತು, ಎಲ್ಲರಿಗೂ ಕೇಳುವ ದನಿಯಲ್ಲಿ, "ಆಯಿ, ಊಟ ಆತೇನ್ರಿ?" ಅಂದೆ. ಆಯಿ ಮಾಸ್ಕಿನ ಬಟ್ಟೆಯನ್ನು ನೋಡುತ್ತ ಕೂತರು. ಮತ್ತೆ ಕೇಳಿದೆ. ಏನೂ ಇಲ್ಲ. ಮಾಸ್ಕ್ ಇಳಿಸಿದೆ. ಈ ಸಲ ಗಂಟಲಿನಿಂದ ಏನೂ ಹೊರಡಿಸದೆ, ಅಪ್ಪ ಅವ್ವ ಶೆಡ್ಡಿನಲ್ಲಿ ಮಾಡುತ್ತಿದ್ದ ಹಾಗೆ ಬರೀ ತುಟಿಗಳಿಂದ ಅದನ್ನೇ ಕೇಳಿದೆ.

ಆಯಿ ಕೋಣೆ ಅದುರುವಂತೆ ಒದರಿದರು: "ಎಲ್ಲೀದವಾ ಊಟಾ! ಕೈ ನಡಗತಾವ, ರೊಟ್ಟಿ ಮುರಿಯಾಕ ಬರೂದಿಲ್ಲ!"

ಡಾಕ್ಟರು ಪೆನ್ನು ಕೆಳಗಿಟ್ಟರು. ಕುರ್ಚಿ ಮುಂದೆಳೆದು ಆಯಿಯ ಎದುರು ಕೂತು ತಾವೇ ಕೇಳಿದರು. "ಅಜ್ಜೀ, ಯಾರೂ ಇಲ್ಲದಾಗ ನಿಮಗೆ ದನಿ ಕೇಳಿಸುತ್ತಾ?"

"ಅಯ್ಯ ಶಿವನೇ, ಡಾಕ್ಟರ್ರೂ ಅದನ್ನ ಕೇಳಾಕತ್ತಾರಲ್ಲ! ಸತ್ತಾನ್ರೀ ಧಣಿ! ಎಷ್ಟ ಸಲ ಹೇಳ್ಲಿ? ಇದ್ದಾಗೂ ಬೈಸ್ಕೊಂಡ್ನಿ, ಸತ್ತ ಮ್ಯಾಲೂ ಅವನ ಪಂಚಾಯ್ತಿನ ಏನ್ರಿ?"

ಡಾಕ್ಟರು ನನ್ನ ಕಡೆ ನೋಡಿದರು. ಗೋಡೆಗೆ ಅಂಟಿಸಿದ್ದ ಬಿಳಿ ಹಾಳೆಯ ಮೇಲೆ ನಾನು ದನಿ, ಧಣಿ ಎಂದು ಒಂದರ ಕೆಳಗೊಂದು ಬರೆದೆ. ಯಾರೂ ನಗಲಿಲ್ಲ. ಆಮೇಲೆ ನಾನು ಆಯಿಯ ಮುಂದೆ ಮೊಣಕಾಲೂರಿ, ಧಣಿಯ ಮಾತು ಬಿಟ್ಟುಬಿಡಿ ಎಂದು ಸನ್ನೆ ಮಾಡಿ, ಕಿವಿ ಮುಟ್ಟಿ ತೋರಿಸಿ ನಿಧಾನವಾಗಿ ಕೇಳಿದೆ. ಒಬ್ಬರೇ ಇದ್ದಾಗ ಯಾರಾದರೂ ಮಾತಾಡಿದ ಹಾಗೆ ಕೇಳುತ್ತದೆಯೇ, ಇಲ್ಲ ಬೇರೆ ಏನಾದರೂ?

"ಮಾತಿಲ್ಲವಾ. ಮಗ್ಗ. ಬರೇ ಮಗ್ಗ."

"ಅದೂ ಇಲ್ಲದ ಶಬ್ದ ತಾನೇ, ಸರ್?" ಅಂದರು ಮೇಡಂ. ಇನ್ನೂ ಅನ್ನುತ್ತಿದ್ದರು!

ಬಾಗಿಲ ಬಳಿ ನಿಂತಿದ್ದ ಮಗ ಎರಡು ಹೆಜ್ಜೆ ಮುಂದೆ ಬಂದ. ಹೊರಗೆ ಸಾಲಿನಲ್ಲಿ ಅವನ ಓಣಿಯವರೂ ಇದ್ದರು, ಅವನ ಮಾತು ಅವರೆಲ್ಲರಿಗೂ ಕೇಳುವಂಥದ್ದು. ಮೆಲ್ಲಗೆ ಮಾತಾಡಲು ಅವನಿಗೂ ಬರುವುದಿಲ್ಲವಲ್ಲ.

"ನನಗೂ ಕೇಳತೈತ್ರಿ ಸಾಹೇಬ್ರ. ಮಗ್ಗ ನಿಂತ್ರೂ ಕೇಳತೈತಿ. ನಮ್ಮ ಓಣ್ಯಾಗ ಭಾಳ ಮಂದಿಗೆ ಕೇಳತೈತಿ. ಹುಚ್ಚ ಅಂದ್ರ ನನಗೂ ಆ ಸೂಜಿ ಹಾಕ್ರಿ. ಅವ್ವಗ ಒಬ್ಬಾಕಿಗೇ ಯಾಕ?"

ಡಾಕ್ಟರು ಫೈಲಿನಲ್ಲಿ ಇಂಜೆಕ್ಷನ್ನಿನ ಸಾಲಿಗೆ ಅಡ್ಡಗೆರೆ ಎಳೆದು ಬೇರೆ ಬರೆದರು. ಗುಳಿಗೆ ಹಂತಹಂತವಾಗಿ ಇಳಿಸುವುದು, ಬಾಗಲಕೋಟೆಗೆ ಕಿವಿ ಪರೀಕ್ಷೆಗೆ ಕಳಿಸುವುದು. ತಪ್ಪಾಯಿತು ಎಂದು ಅವರು ಹೇಳಲಿಲ್ಲ. ಆದರೆ ಅಲ್ಲಿಂದ ಮುಂದೆ ಅವರ ಮೇಜಿನ ಮೇಲೆ ಬಡಿದು ಕಿವಿಯ ಹತ್ತಿರ ಹಿಡಿಯುವ ಸಣ್ಣ ಟ್ಯೂನಿಂಗ್ ಫೋರ್ಕೊಂದು ಬಂದು ಕೂತಿತು. ಬನಹಟ್ಟಿ, ರಬಕವಿಯವರು ಬಂದರೆ ಮೊದಲು ಅದನ್ನು ಎತ್ತಿಕೊಳ್ಳುತ್ತಿದ್ದರು. ಅದಕ್ಕಾಗಿ ಅವರ ಮೇಲಿನ ನನ್ನ ಸಿಟ್ಟಿನಲ್ಲಿ ಸ್ವಲ್ಪ ರಿಯಾಯಿತಿ ಕೊಟ್ಟಿದ್ದೇನೆ.

ಬಾಗಲಕೋಟೆಯ ಪರೀಕ್ಷೆಯಲ್ಲಿ ಎರಡೂ ಕಿವಿಗಳು ಬಹುಪಾಲು ಹೋಗಿವೆ ಎಂದು ಗೊತ್ತಾಯಿತು. ಒಂದು ಕಿವಿಗೆ ಯಂತ್ರ ಕೊಟ್ಟರು. ಒಳಗಿನ ಮಗ್ಗ ನಿಲ್ಲಲಿಲ್ಲ, ಅದು ನಿಲ್ಲುವುದೂ ಇಲ್ಲ. ಮಲಗುವಾಗ ಫ್ಯಾನ್ ಹಾಕಿಡಿ, ರೇಡಿಯೋ ಸಣ್ಣಗೆ ಹಚ್ಚಿಡಿ, ಪೂರ್ತಿ ನಿಶ್ಶಬ್ದ ಬೇಡ ಎಂದು ನಾನು ಮನೆಯವರಿಗೆ ಹೇಳಿಕೊಟ್ಟೆ.

ನನ್ನ ಗತಿ? ಮೇಡಂ ನನ್ನ ಕೇಸನ್ನು ತಿರಸ್ಕರಿಸಿದರು. ಅಧಿಕಾರ ಮೀರಿದ ನಡತೆ ಎಂದು ಬರೆದರು. ಇಂಟರ್ನಲ್ ಅಂಕ ಕೈಬಿಟ್ಟು ಹೋಯಿತು, ಜೊತೆಯವರೆಲ್ಲ ಪರೀಕ್ಷೆ ಬರೆದು ಸಿಹಿ ಹಂಚುವಾಗ ನಾನು ಮನೆಯಲ್ಲಿ ಕೂತಿದ್ದೆ. ಪದವಿ ನಂತರ ಬಂತು, ತಡವಾಗಿ ಬಂತು. ಅಷ್ಟಕ್ಕೇ ನಾನು ಇಷ್ಟು ಬರೆಯುತ್ತಿರಲಿಲ್ಲ. ನನ್ನ ಹೊಟ್ಟೆ ಉರಿಯುವುದು ಬೇರೆಯದಕ್ಕೆ. ಕೇಸನ್ನು ಮತ್ತೆ ಸಲ್ಲಿಸಬೇಕಾದರೆ ಆಯಿಯನ್ನು ಮರುಪರೀಕ್ಷೆ ಮಾಡಬೇಕು, ಅದೇ ಪ್ರಶ್ನಾವಳಿಯಿಂದ, ಒಂದಕ್ಷರ ಬದಲಿಸದೆ ಎಂದು ಮೇಡಂ ಷರತ್ತು ಹಾಕಿದರು. ದನಿ ಎಂಬ ಶಬ್ದ ಆ ವಾಕ್ಯದಲ್ಲಿ ಇವತ್ತಿಗೂ ಹಾಗೇ ಇದೆ. ಹೊಸ ಬ್ಯಾಚಿನ ಹುಡುಗಿಯರು ಅದನ್ನು ಹಿಡಿದು ಇವತ್ತೂ ಯಾವುದೋ ನೇಕಾರರ ಮುಂದೆ ನಿಂತಿರಬಹುದು.

ಷರತ್ತಿಗೆ ಒಪ್ಪಿ ಬನಹಟ್ಟಿಗೆ ಹೋದೆ. ಆಯಿ ಪಡಸಾಲೆಯಲ್ಲಿ ಹಳೆ ಬಟ್ಟೆಯ ಕೌದಿ ಹೊಲಿಯುತ್ತ ಕೂತಿದ್ದರು. ನನ್ನನ್ನು ನೋಡಿ ಹಲ್ಲಿಲ್ಲದ ಬಾಯಿ ತುಂಬ ನಕ್ಕರು. ಮಾತಾಡುತ್ತಲೇ ಸೂಜಿಗೆ ದಾರ ಪೋಣಿಸಿದರು, ಮೊದಲ ಸಲಕ್ಕೇ ಹೋಯಿತು. ನನಗೆ ಅಳು ಬಂತು, ತೋರಿಸಿಕೊಳ್ಳಲಿಲ್ಲ. ಸೊಸೆ ಪಕ್ಕದಲ್ಲಿ ಚೂರು ಬಟ್ಟೆ ಜೋಡಿಸುತ್ತಿದ್ದಳು. ಮಗ ಶೆಡ್ಡಿಗೆ ಹೊರಟವನು ಬಾಗಿಲಲ್ಲೇ ನಿಂತ.

ನಾನು ಹಾಳೆ ಬಿಚ್ಚಿ ಒಂದೊಂದೇ ಓದಿದೆ. ಆ ಪ್ರಶ್ನೆ ಬಂತು. ಇದ್ದದ್ದನ್ನು ಇದ್ದ ಹಾಗೆಯೇ ಕೇಳಿದೆ.

"ಹತ್ತಿರದಲ್ಲಿ ಯಾರೂ ಇಲ್ಲದಿರುವಾಗ ನಿಮಗೆ ದನಿ ಕೇಳಿಸುತ್ತದೆಯೇ?"

ಆಯಿ ಕಿವಿಯ ಯಂತ್ರವನ್ನು ಬೆರಳಿನಿಂದ ಒತ್ತಿಕೊಂಡರು.

"ದನಿ ಅಂದ್ಯಾ? ದನಿನ ಅದು?"

"ಹೂನ್ರಿ ಆಯಿ. ದನಿ."

ಆಯಿ ಸೂಜಿಯನ್ನು ಕೌದಿಗೆ ಚುಚ್ಚಿ ನಿಲ್ಲಿಸಿ ನನ್ನನ್ನು, ಮಗನನ್ನು, ಸೊಸೆಯನ್ನು ಒಮ್ಮೆ ನೋಡಿದರು. ಆ ಸಲ ಅವರು ಒದರಲಿಲ್ಲ. ಸಾದಾ ದನಿಯಲ್ಲೇ ಹೇಳಿದರು.

"ಯಾರೂ ಇಲ್ಲದಾಗಿನ ಮಾತ ಯಾಕ ಕೇಳ್ತಿಯವಾ? ಎಲ್ಲಾರೂ ಇದ್ದಾಗ ನನ್ನ ಯಾರೂ ಕೇಳಲಿಲ್ಲ. ನನಗ ಕಿವಿ ಕೇಳ್ತಿದ್ದಿಲ್ಲ, ಖರೆ. ನಿಮಗೆಲ್ಲಾ ಏನಾಗಿತ್ತು?"